ಟ್ರ್ಯಾಕ್ ಮುಟ್ಟಿ ನೋಡಿ, ಆಮೇಲೆ ಬಾರ್ ಮೇಲೆ ಕೂತ್ಕೊಳ್ಳಿ

ಹೋದ ಸಂಚಿಕೆಯಲ್ಲಿ ಸ್ಕೀ ಜಂಪಿಂಗ್ ಬಗ್ಗೆ ನಾಲ್ಕೇ ನಾಲ್ಕು ಸಾಲು ಬರ್ದಿದ್ದೆ, ಅದಕ್ಕೆ ಇಷ್ಟೊಂದು ಪ್ರಶ್ನೆ ಬರತ್ತೆ ಅಂತ ಅಂದ್ಕೊಂಡಿರ್ಲಿಲ್ಲ, ತುಂಬಾ ಖುಷಿ ಆಯ್ತು. ಗೊತ್ತಿಲ್ಲದೋರಿಗೆ ಚಿಕ್ಕದಾಗಿ ಹೇಳ್ಬಿಡ್ತೀನಿ: ಕೈಯಲ್ಲಿ ಕೋಲಿಲ್ಲದೆ, ಕಾಲಿಗೆ ಉದ್ದ ಸ್ಕೀ ಕಟ್ಕೊಂಡು, ಕಡಿದಾದ ಟ್ರ್ಯಾಕಲ್ಲಿ ಜಾರ್ಕೊಂಡು ಬಂದು, ತುದಿಯಲ್ಲಿರೋ ಟೇಬಲ್‌ನಿಂದ ಹಾರಿ, ಕೆಳಗಿನ ಇಳಿಜಾರಲ್ಲಿ ಇಳಿಯೋ ಆಟ ಇದು. ಬಿಡೋಕೆ ಮುಂಚೆ ಮೇಲೆ ಕೂತ್ಕೊಳ್ಳೋ ಅಡ್ಡಪಟ್ಟಿಗೆ ಬಾರ್ ಅಂತಾರೆ, ಟ್ರ್ಯಾಕ್ ಇರೋ ಭಾಗಕ್ಕೆ ಇನ್‌ರನ್ ಅಂತಾರೆ, ಇಳಿದಾದ್ಮೇಲೆ ನಿಲ್ಲೋ ಬಯಲಿಗೆ ಔಟ್‌ರನ್ ಅಂತಾರೆ. ಕೆ10, ಕೆ20, ಕೆ90 ಅಂತ ಹಿಲ್‌ಗಳಿಗೆ ಹೆಸರು, ಸುಮಾರು ಎಷ್ಟು ಮೀಟರ್ ಹಾರೋಕೆ ಆ ಹಿಲ್ ಕಟ್ಟಿದಾರೆ ಅನ್ನೋದೇ ಆ ನಂಬರ್. ನಾನು ಸಾಗರದ ಕಡೆಯವಳು, ಅಮೆರಿಕದ ಮಿನ್ನೆಸೋಟಾಕ್ಕೆ ಬಂದು 17 ವರ್ಷ ಆಯ್ತು, ಮಗಳನ್ನ ಹಿಲ್‌ಗೆ ಬಿಡೋಕೆ ಹೋಗ್ತಾ ಹೋಗ್ತಾ 37ನೇ ವಯಸ್ಸಲ್ಲಿ ನಾನೂ ಶುರು ಮಾಡಿದ್ದು. ಕೆ20 ದಾಟಿ ಮೇಲೆ ಹೋಗಿಲ್ಲ, ಹೋಗೋ ಆಸೆನೂ ಇಲ್ಲ. ಹಾರದೇ ಇರೋ ಹೊತ್ತಲ್ಲಿ ಸಲಿಕೆ ಹಿಡ್ಕೊಂಡು ಹಿಲ್ ರೆಡಿ ಮಾಡೋರ ಜೊತೆ ಇರ್ತೀನಿ, ಇಲ್ಲಿ ಹೇಳೋ ಮುಕ್ಕಾಲು ಪಾಲು ಅಲ್ಲಿ ಕಲ್ತಿದ್ದು.

ಪ್ರಶ್ನೆ: ಅಕ್ಕಾ, ನನ್ನ ಮಗನಿಗೆ 8 ವರ್ಷ, ಈ ಸೀಸನ್‌ನಿಂದ ಕೆ10ನಲ್ಲಿ ಹಾರ್ತಿದಾನೆ. ಹೋದ ವಾರ ಮೈನಸ್ 15 ಇತ್ತು, ಈ ವಾರ ಪ್ಲಸ್ 3 ಆಗಿ ಮಳೆ ಬಂತು, ಇವತ್ತು ಮತ್ತೆ ಸ್ನೋ. ಕೋಚ್ ಒಂದಿನ ಬನ್ನಿ ಅಂತಾರೆ ಒಂದಿನ ಅರ್ಧಕ್ಕೇ ನಿಲ್ಲಿಸ್ತಾರೆ, ಯಾವ ದಿನ ಕಳಿಸ್ಬೇಕು ಯಾವ ದಿನ ಬೇಡ ಅಂತ ನಂಗೆ ಗೊತ್ತಾಗ್ತಿಲ್ಲ, ಎದೆ ಡವಡವ ಅಂತಿರತ್ತೆ. (ಬ್ಲೂಮಿಂಗ್ಟನ್, ಮಿನ್ನೆಸೋಟಾದಿಂದ ಒಬ್ಬ ತಾಯಿ, ಊರು ಹಾಸನ)

ನಿಮ್ಮ ಎದೆ ಡವಡವ ನಂಗೆ ಚೆನ್ನಾಗಿ ಗೊತ್ತು. ಮೊದ್ಲು ಒಂದು ಸಮಾಧಾನದ ವಿಷಯ, 10 ಮೀಟರ್ ಹಾರೋದು ಅಂದ್ರೆ 10 ಮೀಟರ್ ಎತ್ತರದಿಂದ ಬೀಳೋದು ಅಲ್ಲ. ಇಳಿಜಾರು ಕೆಳಗೆ ಹೋಗ್ತಾ ಇರತ್ತೆ, ಮಗುನೂ ಅದರ ಜೊತೆಜೊತೆಗೇ ಕೆಳಗೆ ಹೋಗ್ತಾ ಇರ್ತಾನೆ, ಹಾಗಾಗಿ ದೊಡ್ಡ ಹಿಲ್‌ಗಳಲ್ಲೂ ಹಾರೋರು ನೆಲದಿಂದ ಕೆಲವೇ ಮೀಟರ್ ಮೇಲಿರ್ತಾರೆ, ಕೆ10ನಲ್ಲಂತೂ ತುಂಬಾ ಕಮ್ಮಿ. ಇಳಿಯೋ ಜಾಗ ಕಡಿದಾಗಿರೋದ್ರಿಂದಲೇ ಕಾಲಿಗೆ ಪೆಟ್ಟು ಕಮ್ಮಿ ಬೀಳೋದು.

ಇನ್ನು ಯಾವ ದಿನ ಕಳಿಸ್ಬೇಕು ಅನ್ನೋದು. ನೀವು ಫೋನಲ್ಲಿ ಟೆಂಪರೇಚರ್ ಎಷ್ಟಿದೆ ಅಂತ ನೋಡ್ತಿದೀರ ಅನ್ಸತ್ತೆ. ಎಷ್ಟಿದೆ ಅನ್ನೋದಕ್ಕಿಂತ ನಿನ್ನೆ ರಾತ್ರಿಯಿಂದ ಈಗಿನ ತನಕ ಎಷ್ಟು ಬದಲಾಯ್ತು, ಮುಂದಿನ ಎರಡು ಗಂಟೆಯಲ್ಲಿ ಎಷ್ಟು ಬದಲಾಗತ್ತೆ ಅನ್ನೋದು ಮುಖ್ಯ. ಮೈನಸ್ 12 ಸ್ಥಿರವಾಗಿ ನಿಂತಿದ್ರೆ ಅದು ಒಳ್ಳೇ ದಿನ, ಯಾಕಂದ್ರೆ ಮೇಲಿಂದ ಕೆಳಗಿನ ತನಕ ಸ್ನೋ ಒಂದೇ ಥರ ಇರತ್ತೆ. ಸೊನ್ನೆಯನ್ನ ದಾಟಿ ಈ ಕಡೆ ಆ ಕಡೆ ಆಡೋ ದಿನವೇ ತೊಂದರೆ. ಬೆಳಿಗ್ಗೆ ಐಸ್, ಹನ್ನೊಂದಕ್ಕೆ ಬಿಸಿಲು ಬಿದ್ದ ಕಡೆ ನೀರು, ನೆರಳಿರೋ ಕಡೆ ಇನ್ನೂ ಐಸ್, ಸಾಯಂಕಾಲಕ್ಕೆ ಎಲ್ಲಾ ಮತ್ತೆ ಗಟ್ಟಿ, ಆದ್ರೆ ಗುಂಡಿಗಳ ಸಮೇತ ಗಟ್ಟಿ. ಅದ್ಕೇ ನಿಮ್ಮ ಕೋಚ್ 10 ಗಂಟೆಗೆ ಸರಿ ಅಂದಿದ್ದನ್ನ 12 ಗಂಟೆಗೆ ಬೇಡ ಅಂತಾರೆ. ಅರ್ಧಕ್ಕೆ ನಿಲ್ಲಿಸೋ ಕೋಚ್ ಸಿಕ್ಕಿದಾರೆ ಅಂದ್ರೆ ನಿಮ್ಮ ಪುಣ್ಯ ಅಂತಾನೇ ನಾನು ಹೇಳೋದು.

ನನಗೆ ಇದು ಹೇಗೆ ಗೊತ್ತಾಯ್ತು ಅಂದ್ರೆ, ನಾಲ್ಕು ವರ್ಷದ ಹಿಂದೆ ಫೆಬ್ರವರಿಯ ಒಂದು ಭಾನುವಾರ, ಯಾವ ಹಿಲ್ ಅಂತ ಬೇಡ, ಬೆಳಿಗ್ಗೆ ಮೈನಸ್ 9 ಇತ್ತು, ಟ್ರ್ಯಾಕ್ ಕಲ್ಲಿನ ಥರ ಇತ್ತು, ನಾಲ್ಕು ಸಲ ಚೆನ್ನಾಗಿ ಹಾರ್ದೆ. ಆಮೇಲೆ ಚಹಾ ಕುಡಿಯೋಕೆ ಅಂತ ಕೆಳಗೆ ಕೂತು, ಮುಕ್ಕಾಲು ಗಂಟೆ ಬಿಟ್ಟು ಮತ್ತೆ ಹತ್ತಿ, ಏನೂ ನೋಡ್ದೆ ಬಾರ್‌ನಿಂದ ಬಿಟ್ಟೆ. ಮೇಲಿನ ಅರ್ಧ ಪೈನ್ ಮರಗಳ ನೆರಳಲ್ಲಿ ಇತ್ತು, ಅಲ್ಲಿ ಸ್ಕೀ ಸರ್ ಅಂತ ಹೋಯ್ತು. ಕೆಳಗಿನ ಅರ್ಧಕ್ಕೆ ಬಿಸಿಲು ಬಿದ್ದಿತ್ತು, ಅಲ್ಲಿಗೆ ಬರ್ತಿದ್ದ ಹಾಗೆ ಯಾರೋ ಹಿಂದಿನಿಂದ ಸ್ಕೀ ಹಿಡ್ಕೊಂಡ ಹಾಗಾಯ್ತು. ಸ್ಕೀ ನಿಧಾನ ಆಯ್ತು, ಮೈ ಅದೇ ಸ್ಪೀಡಲ್ಲಿ ಮುಂದಕ್ಕೆ ಹೋಯ್ತು, ಟೇಬಲ್ ದಾಟೋ ಹೊತ್ತಿಗೆ ಮೂಗು ಕೆಳಗೆ ಮಾಡ್ಕೊಂಡೇ ಹೊರಗೆ ಹೋದೆ. ಭುಜ ಆರು ವಾರ ಎತ್ತೋಕಾಗ್ಲಿಲ್ಲ, ಅಡುಗೆಮನೆಯಲ್ಲಿ ಮೇಲಿನ ಶೆಲ್ಫ್‌ನಿಂದ ಡಬ್ಬಿ ತೆಗೆಯೋಕೂ ಮಗಳನ್ನೇ ಕರೀಬೇಕಿತ್ತು. ಅವತ್ತಿಂದ ಒಂದು ಕೆಲಸ ಬಿಡ್ದೆ ಮಾಡ್ತೀನಿ. ಹತ್ತೋವಾಗ ಮೂರು ಕಡೆ ನಿಂತು ಗ್ಲೌಸ್ ತೆಗೆದು ಸ್ನೋ ಹಿಡಿದು ನೋಡ್ತೀನಿ, ಔಟ್‌ರನ್‌ನಲ್ಲಿ ಒಂದ್ಸಲ, ಟೇಬಲ್ ಪಕ್ಕದಲ್ಲಿ ಒಂದ್ಸಲ, ಮೇಲೆ ಬಾರ್ ಹತ್ರ ಒಂದ್ಸಲ.

ಹಿಡಿದು ನೋಡೋದು ಅಂದ್ರೆ ಉಂಡೆ ಕಟ್ಟೋದು. ಪಾಕ ಸರಿಯಾಗದ ರವೆ ಉಂಡೆ ಥರ ಉದುರಿಹೋದ್ರೆ ಒಣ ಸ್ನೋ, ಚಿಂತೆ ಇಲ್ಲ. ತಂಬಿಟ್ಟಿನ ಥರ ಚೆನ್ನಾಗಿ ಉಂಡೆ ಆದ್ರೆ ಒದ್ದೆ ಶುರು ಆಗಿದೆ, ಇನ್ನು ಪ್ರತಿ ಅರ್ಧ ಗಂಟೆಗೆ ನೋಡ್ಬೇಕು. ಹಿಂಡಿದ್ರೆ ಬೆರಳ ಸಂದಿಂದ ನೀರು ಬಂದ್ರೆ ಚಿಕ್ಕ ಮಕ್ಕಳನ್ನ ಕರ್ಕೊಂಡು ಮನೆಗೆ ಹೋಗಿ. ಮೂರು ಕಡೆ ಮೂರು ಥರ ಸಿಕ್ಕಿದ್ರೆ ಅದು ಎಲ್ಲಕ್ಕಿಂತ ಕೆಟ್ಟದ್ದು.

ಮಕ್ಕಳು ಜಾಸ್ತಿ ಬೀಳೋದು ಗಾಳಿಯಲ್ಲಿ ಹಾರೋವಾಗ ಅಲ್ಲ, ಚೆನ್ನಾಗಿ ಇಳಿದು, ಗೆದ್ದೆ ಅಂತ ಕೈ ಎತ್ತಿ, ಔಟ್‌ರನ್‌ಗೆ ಬಂದ್ಮೇಲೆ. ಒದ್ದೆ ಸ್ನೋ ಸ್ಕೀಯನ್ನ ತಟ್ಟಂತ ಹಿಡ್ಕೊಳತ್ತೆ, ಮಗು ಮುಂದಕ್ಕೆ ಮಗುಚತ್ತೆ. ಐಸ್ ಆಗಿದ್ರೆ ಉಲ್ಟಾ, ನಿಲ್ಲೋಕೇ ಆಗಲ್ಲ, ಯಾಕಂದ್ರೆ ಜಂಪಿಂಗ್ ಸ್ಕೀಗೆ ಪಕ್ಕದಲ್ಲಿ ಕಬ್ಬಿಣದ ಅಂಚು ಇರಲ್ಲ, ಮಾಮೂಲಿ ಸ್ಕೀ ಥರ ಕಚ್ಚಿ ತಿರುಗಿಸೋಕೆ ಬರಲ್ಲ. ನಿಮ್ಮ ಮಗ ಇನ್ನೂ ಆಲ್ಪೈನ್, ಅಂದ್ರೆ ಆ ಮಾಮೂಲಿ ಇಳಿಜಾರು ಸ್ಕೀಯಲ್ಲೇ ಹಾರ್ತಿದ್ರೆ ಒಳ್ಳೇದೇ, ಕೆ10ಗೆ ಅದೇ ಸಾಕು, ಜಂಪಿಂಗ್ ಸ್ಕೀ ಕೊಡಿಸೋ ಅವಸರ ಬೇಡ.

ಇನ್ನೊಂದು, ಅರ್ಧ ಗಂಟೆ ಮುಂಚೆ ಹೋಗಿ ಮೊದಲು ಯಾರು ಹಾರ್ತಾರೆ ನೋಡಿ. ಒಳ್ಳೇ ಕಡೆ ಅನುಭವ ಇರೋ ದೊಡ್ಡೋರು ಒಬ್ರು ಮೊದಲು ಹಾರಿ, ಕೆಳಗೆ ಬಂದು ಟ್ರ್ಯಾಕ್ ಹೇಗಿದೆ ಅಂತ ಕೋಚ್‌ಗೆ ಹೇಳಿದ್ಮೇಲೆ ಮಕ್ಕಳನ್ನ ಬಿಡ್ತಾರೆ. ಹಾಗೆ ಮಾಡ್ತಿಲ್ಲ ಅಂದ್ರೆ ಕೇಳಿ, ಸಂಕೋಚ ಬೇಡ. ಗಾಳಿ ಸೇರಿ ಮೈನಸ್ 28 ಅನ್ನಿಸೋ ಚಳಿ ಇದ್ರೆ ಮುಚ್ಚದೆ ಬಿಟ್ಟ ಚರ್ಮ ಅರ್ಧ ಗಂಟೆಯಲ್ಲೇ ಚಳಿಗೆ ಹೆಪ್ಪುಗಟ್ಟಿ ಫ್ರಾಸ್ಟ್‌ಬೈಟ್ ಆಗ್ಬಹುದು, ಸಾಲಲ್ಲಿ ನಿಂತ ಮಗುವಿನ ಕೆನ್ನೆ ಮೇಲೆ ಬಿಳಿ ಮಚ್ಚೆ ಕಂಡ್ರೆ ತಕ್ಷಣ ಒಳಗೆ ಕರ್ಕೊಂಡು ಹೋಗಿ, ಉಜ್ಜಬೇಡಿ, ಬೆಚ್ಚಗಿನ ಕೈ ಇಟ್ಟು ಹಿಡ್ಕೊಳ್ಳಿ.

ಪ್ರಶ್ನೆ: ಮೇಡಂ, ನಾನು ದಾವಣಗೆರೆಯವನು, ಓಸ್ಲೋದಲ್ಲಿ ಕೆಲಸ, ವಯಸ್ಸು 34. ದೊಡ್ಡೋರಿಗೆ ಅಂತ ನಡೆಸೋ ಕ್ಲಾಸಿಗೆ ಸೇರಿದೀನಿ, ಈಗ ಕೆ10ನಲ್ಲಿ ಹಾರ್ತಿದೀನಿ. ಹೊಸ ಸ್ನೋ ಬೀಳ್ತಿರೋ ದಿನ ಇನ್‌ರನ್‌ನಲ್ಲಿ ಬ್ಯಾಲೆನ್ಸ್ ತಪ್ಪತ್ತೆ, ಟೇಬಲ್ ಹತ್ರ ಯಾವಾಗ ಎದ್ದೇಳ್ಬೇಕು ಅಂತ ಟೈಮಿಂಗೇ ಸಿಗಲ್ಲ. ಸ್ಕೀ ತಳಕ್ಕೆ ಹಚ್ಚೋ ವ್ಯಾಕ್ಸ್ ಬದಲಾಯಿಸಬೇಕಾ?

ಈ ಆಟ ಹುಟ್ಟಿದ ನಾಡಲ್ಲೇ ಕಲೀತಿದೀರ, ಅದೊಂದು ಭಾಗ್ಯ. 1808ರಲ್ಲಿ ಓಲಾಫ್ ರೈ ಅನ್ನೋ ಸೈನಿಕ ನಾರ್ವೆಯಲ್ಲಿ ತನ್ನ ಜೊತೆಗಾರರ ಮುಂದೆ 9.5 ಮೀಟರ್ ಹಾರಿದ್ದೇ ದಾಖಲೆಯಲ್ಲಿರೋ ಮೊದಲನೇ ಹಾರಾಟ ಅಂತಾರೆ, ನಿಮ್ಮ ಓಸ್ಲೋದ ಹೋಲ್ಮೆನ್‌ಕೊಲೆನ್ ಹಿಲ್‌ನಲ್ಲಿ 1892ರಿಂದ ಸ್ಪರ್ಧೆ ನಡೀತಿದೆ. ನೀವು ಈಗ ಕೆ10ನಲ್ಲಿ ಹಾರ್ತಿರೋದೂ ಹೆಚ್ಚುಕಮ್ಮಿ ಆ ರೈ ಹಾರಿದಷ್ಟೇ ದೂರ.

ವ್ಯಾಕ್ಸ್ ಆಮೇಲೆ, ಮೊದ್ಲು ಕೂತ್ಕೊಳ್ಳೋ ರೀತಿ. ಹೊಸ ಸ್ನೋ ಟ್ರ್ಯಾಕ್ ಒಳಗೆ ಬಿದ್ರೆ ಅದು ಒಂದೇ ಸಮ ಬೀಳಲ್ಲ, ಗಾಳಿ ತಳ್ಳಿದ ಕಡೆ ದಪ್ಪ, ಇನ್ನೊಂದು ಕಡೆ ತೆಳು, ಹಾಗಾಗಿ ಸ್ಕೀ ಒಂದೇ ಸ್ಪೀಡಲ್ಲಿ ಹೋಗಲ್ಲ, ತಡೆದು ತಡೆದು ಬಿಡತ್ತೆ. ನಿಮ್ಮ ಭಾರ ಬೆರಳ ಮೇಲೆ ಇದ್ರೆ ಸ್ಕೀ ತಡೆದಾಗ ಮುಂದಕ್ಕೆ ಬೀಳ್ತೀರ, ಅದಕ್ಕೆ ಹೆದರಿ ಹಿಮ್ಮಡಿ ಮೇಲೆ ಕೂತ್ರೆ ಟೇಬಲ್‌ನಲ್ಲಿ ಎದ್ದೇಳೋಕೇ ಆಗಲ್ಲ, ಹಿಂದಕ್ಕೆ ವಾಲಿ ಹೊರಗೆ ಹೋಗ್ತೀರ. ಪೂರ್ತಿ ಪಾದ ನೆಲಕ್ಕೆ ಒತ್ತಿರಬೇಕು, ಮೊಣಕಾಲು ಮುಂದಕ್ಕೆ ಬಾಗಿ ಅದರ ಕೆಳಗಿನ ಎಲುಬಿನ ಮುಂಭಾಗ ಬೂಟಿನ ನಾಲಗೆಗೆ ತಾಗಿರಬೇಕು, ಎದೆ ತೊಡೆ ಮೇಲೆ, ಸೊಂಟ ತಗ್ಗಿ, ಕೈ ಎರಡೂ ಹಿಂದಕ್ಕೆ, ಕಣ್ಣು ಟೇಬಲ್ ತುದಿ ಮೇಲೆ. ಮನೆಯಲ್ಲಿ ಸಾಕ್ಸ್ ಹಾಕ್ಕೊಂಡು ನುಣುಪು ನೆಲದ ಮೇಲೆ ಹೀಗೆ ಒಂದು ನಿಮಿಷ ಕೂತು, ಯಾರಾದ್ರೂ ನಿಮ್ಮ ಭುಜ ಮುಂದಕ್ಕೆ ಹಿಂದಕ್ಕೆ ಮೆತ್ತಗೆ ತಳ್ಳೋಕೆ ಹೇಳಿ. ಅಲ್ಲಾಡ್ದೆ ಕೂತ್ರೆ ಟ್ರ್ಯಾಕಲ್ಲೂ ಕೂರ್ತೀರ, ನಾನು ನನ್ನ ಮಗಳ ಜೊತೆ ಹಾಲ್‌ನಲ್ಲಿ ಇದನ್ನೇ ಮಾಡೋದು.

ಟೈಮಿಂಗ್ ಸಿಗ್ತಿಲ್ಲ ಅನ್ನೋದಕ್ಕೆ ಕಾರಣ ಸ್ಪೀಡು. ಒಣ ದಿನ ನಿಮ್ಮ ಕಾಲು ಒಂದು ಲೆಕ್ಕ ಕಲ್ತಿದೆ, ಸ್ನೋ ಬಿದ್ದ ದಿನ ಟೇಬಲ್ ಸ್ವಲ್ಪ ತಡವಾಗಿ ಬರತ್ತೆ, ಕಾಲು ಹಳೇ ಲೆಕ್ಕದಲ್ಲೇ ಮುಂಚೆ ಎದ್ದುಬಿಡತ್ತೆ. ಅಂಥ ದಿನ ಮೊದಲನೇ ಸಲ ಜೋರಾಗಿ ಎಗರೋಕೆ ಹೋಗ್ಬೇಡಿ, ಸುಮ್ನೆ ಕೂತೇ ಟೇಬಲ್ ದಾಟಿ, ಸ್ಪೀಡ್ ಎಷ್ಟಿದೆ ಅಂತ ಮೈಗೆ ಗೊತ್ತಾಗ್ಲಿ, ಎರಡನೇ ಸಲದಿಂದ ಎದ್ದೇಳಿ. ನಡುವೆ ಯಾರಾದ್ರೂ ಟ್ರ್ಯಾಕ್ ಗುಡಿಸ್ತಾ ಇರಬೇಕು, ನಾವು ಎಲೆ ಊದೋ ಬ್ಲೋವರ್ ಹಿಡ್ಕೊಂಡು ಪಕ್ಕದ ಮೆಟ್ಟಿಲಲ್ಲಿ ನಿಂತಿರ್ತೀವಿ, ಮೂರು ಜನ ಹಾರಿದ ಮೇಲೆ ಒಂದ್ಸಲ ಊದ್ತೀವಿ, ಜೋರಾಗಿ ಬೀಳ್ತಿದ್ರೆ ಪ್ರತಿಯೊಬ್ಬರ ನಡುವೆಯೂ.

ವ್ಯಾಕ್ಸ್ ಬಗ್ಗೆ ಇಷ್ಟೇ, ಚಳಿ ಜಾಸ್ತಿ ಇದ್ದಾಗ ಗಟ್ಟಿ ವ್ಯಾಕ್ಸ್, ಸೊನ್ನೆ ಹತ್ರ ಬಂದಾಗ ಮೆತ್ತನೆಯದ್ದು. ಹೊಸ ಸ್ನೋ ಹರಳು ಚೂಪಾಗಿರತ್ತೆ, ಮೆತ್ತನೆ ವ್ಯಾಕ್ಸ್ ಹಾಕಿದ್ರೆ ಅದರೊಳಗೆ ಚುಚ್ಕೊಂಡು ಎಳೆಯತ್ತೆ. ಫ್ಲೋರಿನ್ ಇರೋ ಹಳೇ ವ್ಯಾಕ್ಸ್ ಯಾರಾದ್ರೂ ಕೊಟ್ರೆ ತಗೋಬೇಡಿ, ಅಂತರರಾಷ್ಟ್ರೀಯ ಸ್ಕೀ ಫೆಡರೇಶನ್ 2023-24ರ ಸೀಸನ್‌ನಿಂದ ಸ್ಪರ್ಧೆಗಳಲ್ಲಿ ಅದನ್ನ ನಿಷೇಧ ಮಾಡಿದೆ, ಮಣ್ಣಿಗೂ ನೀರಿಗೂ ಒಳ್ಳೇದಲ್ಲ.

ಪ್ರಶ್ನೆ: ನಾ ಹುಬ್ಬಳ್ಳಿಯ ನಿವೃತ್ತ ಮಾಸ್ತರ. ಟಿವಿಯೊಳಗ ಈ ಆಟ ನೋಡ್ತೇನಿ. ಒಬ್ಬಾಂವ ಜಾಸ್ತಿ ದೂರ ಹಾರ್ತಾನ, ಆದ್ರ ಕಮ್ಮಿ ಹಾರಿದಾಂವ ಗೆಲ್ತಾನ. ಗಾಳಿಗೆ ಪಾಯಿಂಟ್ ಕೂಡಿಸೋದು ಕಳೆಯೋದು ಅಂತಾರ, ಇದು ಹ್ಯಾಂಗ್ ನ್ಯಾಯ?

ಮಾಸ್ತರೇ, ಗಣಿತದ ಪ್ರಶ್ನೆನೇ ಕೇಳಿದೀರಿ. ಕೆ-ಪಾಯಿಂಟ್, ಅಂದ್ರೆ ಹಿಲ್‌ನ ಹೆಸರಲ್ಲಿರೋ ಅಷ್ಟು ಮೀಟರ್‌ನ ಗುರುತು, ಅಲ್ಲಿ ತನಕ ಹಾರಿದ್ರೆ 60 ಪಾಯಿಂಟ್. ಅದಕ್ಕಿಂತ ಮುಂದೆ ಹೋದ ಪ್ರತಿ ಮೀಟರ್‌ಗೆ ದೊಡ್ಡ ಹಿಲ್‌ನಲ್ಲಿ 1.8, ಅದಕ್ಕಿಂತ ಚಿಕ್ಕದಾದ ನಾರ್ಮಲ್ ಹಿಲ್‌ನಲ್ಲಿ 2 ಪಾಯಿಂಟ್ ಸೇರತ್ತೆ, ಹಿಂದೆ ಬಿದ್ರೆ ಅಷ್ಟೇ ಕಳೀತಾರೆ. ಐದು ಜನ ಜಡ್ಜ್‌ಗಳು ತಲಾ 20ಕ್ಕೆ ಅಂಕ ಕೊಡ್ತಾರೆ, ಎಲ್ಲಕ್ಕಿಂತ ಜಾಸ್ತಿದು ಕಮ್ಮಿದು ಎರಡನ್ನೂ ಬಿಟ್ಟು ಉಳಿದ ಮೂರು ಲೆಕ್ಕಕ್ಕೆ. ಒಂದು ಕಾಲು ಮುಂದೆ ಒಂದು ಹಿಂದೆ ಇಟ್ಟು ಮೊಣಕಾಲು ಬಗ್ಗಿಸಿ ಇಳಿಯೋದಕ್ಕೆ ಟೆಲಿಮಾರ್ಕ್ ಅಂತಾರೆ, ಅದು ಇಲ್ಲ ಅಂದ್ರೆ ಅಲ್ಲಿ ಅಂಕ ಹೋಗತ್ತೆ.

ಈಗ ಗಾಳಿ. ಎದುರಿಂದ ಗಾಳಿ ಬಂದ್ರೆ ಅದು ಸ್ಕೀ ಕೆಳಗೆ ನುಗ್ಗಿ ಎತ್ತಿ ಹಿಡಿಯತ್ತೆ, ದೂರ ಹೋಗ್ತಾರೆ, ಅದಕ್ಕೆ ಪಾಯಿಂಟ್ ಕಳೀತಾರೆ. ಬೆನ್ನ ಹಿಂದಿನಿಂದ ಬಂದ್ರೆ ಕೆಳಗೆ ಒತ್ತತ್ತೆ, ಅದಕ್ಕೆ ಕೂಡಿಸ್ತಾರೆ. ಮಾಮೂಲಿ ಓಟದಲ್ಲಿ ಹಿಂದಿನ ಗಾಳಿ ಸಹಾಯ, ಇಲ್ಲಿ ಎದುರು ಗಾಳಿ ಸಹಾಯ, ಗಾಳಿಪಟ ಹಾರಿಸಿದ ಯಾವ ಹುಡುಗನಿಗೂ ಇದು ಬೇಗ ಅರ್ಥ ಆಗತ್ತೆ. 2009ರ ಬೇಸಿಗೆ ಸ್ಪರ್ಧೆಗಳಲ್ಲಿ ಈ ಲೆಕ್ಕ ಪರೀಕ್ಷೆ ಮಾಡಿ ಆಮೇಲೆ ವರ್ಲ್ಡ್ ಕಪ್‌ಗೂ ತಂದ್ರು. ಅದಕ್ಕೂ ಮುಂಚೆ ಗಾಳಿ ಬದಲಾದ್ರೆ ಆ ಸುತ್ತನ್ನೇ ರದ್ದು ಮಾಡಿ ಮೊದಲಿಂದ ಶುರು ಮಾಡಬೇಕಾಗ್ತಿತ್ತು, ಪಾಪ ಚೆನ್ನಾಗಿ ಹಾರಿದವನ ಹಾರಾಟವೂ ಹೋಗ್ತಿತ್ತು. ಪೂರ್ತಿ ನ್ಯಾಯ ಅಂತ ನಾನು ಹೇಳಲ್ಲ, ಆದ್ರೆ ಮುಂಚಿಗಿಂತ ವಾಸಿ.

ನಮ್ಮಂಥ ಚಿಕ್ಕ ಹಿಲ್‌ಗಳಲ್ಲಿ ಯಂತ್ರ ಗಿಂತ್ರ ಇಲ್ಲ, ಕೋಲಿಗೆ ಕಟ್ಟಿದ ರಿಬ್ಬನ್ನೇ ಎಲ್ಲ. ಟೇಬಲ್ ಹತ್ರ ಒಂದು, ಇಳಿಜಾರಿನ ಅರ್ಧದಲ್ಲಿ ಒಂದು. ಎರಡೂ ಒಂದೇ ಕಡೆ ಆಡ್ತಿದ್ರೆ ಕೋಚ್ ಕೈ ಬೀಸ್ತಾರೆ. ಮೇಲಿನದು ಈ ಕಡೆ, ಕೆಳಗಿನದು ಆ ಕಡೆ ಆಡ್ತಿದ್ರೆ ಕಾಯಿಸ್ತಾರೆ, ಯಾಕಂದ್ರೆ ಜೋರು ಗಾಳಿಗಿಂತ ಅರ್ಧ ದಾರಿಯಲ್ಲಿ ಬದಲಾಗೋ ಗಾಳಿ ಅಪಾಯ, ಅದರಲ್ಲೂ ಪಕ್ಕದಿಂದ ಬೀಸಿ ಒಂದೇ ಸ್ಕೀಯನ್ನ ಎತ್ತಿಬಿಟ್ರೆ ಸರಿ ಮಾಡ್ಕೊಳ್ಳೋಕೆ ಟೈಮೇ ಇರಲ್ಲ. ಎದುರು ಗಾಳಿ ಸಿಕ್ಕಿ ಕೆ-ಪಾಯಿಂಟ್ ದಾಟಿ ತುಂಬಾ ದೂರ ಹೋದ್ರೂ ಒಳ್ಳೇದಲ್ಲ, ಅಲ್ಲಿ ನೆಲ ಚಪ್ಪಟೆ ಆಗ್ತಾ ಬರತ್ತೆ, ಪೆಟ್ಟೆಲ್ಲಾ ಮೊಣಕಾಲಿಗೆ.

ಪ್ರಶ್ನೆ: ಮೈಸೂರಿಂದ ಬರೀತಿದೀನಿ, ನನ್ನ ಮೊಮ್ಮಗಳು ಅಮೆರಿಕದ ಕನೆಕ್ಟಿಕಟ್‌ನಲ್ಲಿ ಇದಾಳೆ, 11 ವರ್ಷ. ಈ ಆಟಕ್ಕೆ ಸೇರಿದಾಳಂತೆ. ಹೆಣ್ಣುಮಕ್ಕಳ ಮೈಗೆ ಇದು ಆಗಲ್ಲ, ಮುಂದೆ ತೊಂದರೆ ಆಗತ್ತೆ ಅಂತ ನೆಂಟರೆಲ್ಲ ಹೇಳ್ತಿದಾರೆ, ನಿಜವೇನಮ್ಮ?

ಅಜ್ಜಿ, ನಿಜ ಅಲ್ಲ. ಆದ್ರೆ ಈ ಮಾತು ನಿಮ್ಮ ನೆಂಟರು ಮಾತ್ರ ಹೇಳಿದ್ದಲ್ಲ, ಅಂತರರಾಷ್ಟ್ರೀಯ ಸ್ಕೀ ಫೆಡರೇಶನ್ನಿನ ಅಧ್ಯಕ್ಷರೇ 2005ರಲ್ಲಿ ವೈದ್ಯಕೀಯವಾಗಿ ಇದು ಹೆಂಗಸರಿಗೆ ಸರಿಹೋಗಲ್ಲ ಅನ್ನೋ ಅರ್ಥದಲ್ಲಿ ಮಾತಾಡಿದ್ರು, ನೆನೆಸ್ಕೊಂಡ್ರೆ ಈಗ್ಲೂ ನಂಗೆ ಸಿಟ್ಟು ಬರತ್ತೆ. ಅದೇ ನಾರ್ವೆಯ ಟ್ರೈಸಿಲ್‌ನಲ್ಲಿ 1862ರಲ್ಲೇ ಇಂಗ್ರಿಡ್ ಓಲ್ಸ್‌ಡಾಟರ್ ವೆಸ್ಟ್‌ಬಿ ಅನ್ನೋ ಹುಡುಗಿ ಎಲ್ಲರ ಮುಂದೆ ಹಾರಿದ್ಲು. ಗಂಡಸರು ಒಲಿಂಪಿಕ್ಸ್‌ನಲ್ಲಿ 1924ರಿಂದ ಹಾರ್ತಿದಾರೆ, ಹೆಂಗಸರಿಗೆ ಅವಕಾಶ ಸಿಕ್ಕಿದ್ದು 2014ರಲ್ಲಿ, ಸೋಚಿಯಲ್ಲಿ, ಜರ್ಮನಿಯ ಕರೀನಾ ಫೋಗ್ಟ್ ಮೊದಲ ಚಿನ್ನ ಗೆದ್ದಳು. ನಡುವೆ ವ್ಯಾಂಕೂವರ್ ಒಲಿಂಪಿಕ್ಸ್‌ಗೆ ಮುಂಚೆ ಆಟಗಾರ್ತಿಯರು ಕೆನಡಾದಲ್ಲಿ ಕೋರ್ಟಿಗೂ ಹೋಗಿದ್ರು, ಗೆಲ್ಲಲಿಲ್ಲ, ಹಾಗಾಗಿ 2009ರಲ್ಲಿ ಮೊದಲ ಮಹಿಳಾ ವಿಶ್ವ ಚಾಂಪಿಯನ್ ಆದ ಅಮೆರಿಕದ ಲಿಂಡ್ಸೆ ವ್ಯಾನ್ 2010ರಲ್ಲಿ ಹಾರೋಕೇ ಆಗ್ಲಿಲ್ಲ. ಸ್ಲೊವೇನಿಯಾದ ನಿಕಾ ಪ್ರೆವ್ಟ್ಸ್ 2025ರ ಮಾರ್ಚ್‌ನಲ್ಲಿ ನಾರ್ವೆಯ ವಿಕರ್‌ಸುಂಡ್‌ನಲ್ಲಿ 236 ಮೀಟರ್ ಹಾರಿದಾಳೆ. ನೆಂಟರಿಗೆ ಇದನ್ನೇ ಹೇಳಿ.

ಚಿಂತೆ ಮಾಡಬೇಕಾದ್ದು ಎರಡಿದೆ, ಮುಚ್ಚಿಡಲ್ಲ. ಒಂದು ಮೊಣಕಾಲಿನ ಲಿಗಮೆಂಟು, ಅದು ಹುಡುಗಿಯರಿಗೆ ಹುಡುಗರಿಗಿಂತ ಸುಲಭವಾಗಿ ಹರಿಯತ್ತೆ, ತೊಡೆ ಸೊಂಟ ಗಟ್ಟಿ ಮಾಡೋ ವ್ಯಾಯಾಮ ಬೇಸಿಗೆಯಲ್ಲೂ ಬಿಡಬಾರದು. ಇನ್ನೊಂದು ಊಟ. ಹಗುರ ಇದ್ರೆ ದೂರ ಹಾರ್ತಾರೆ ಅಂತ ಈ ಆಟದಲ್ಲಿ ಹಸಿವು ಕಟ್ಟೋ ಕೆಟ್ಟ ಅಭ್ಯಾಸ ಇತ್ತು, ಅದಕ್ಕೇ ತೂಕ ತೀರಾ ಕಮ್ಮಿ ಇರೋರಿಗೆ ಚಿಕ್ಕ ಸ್ಕೀ ಅಂತ ರೂಲ್ ತಂದಿದಾರೆ. 11 ವರ್ಷದ ಮಗುಗೆ ತೂಕ ಇಳಿಸು ಅಂತ ಯಾರಾದ್ರೂ ಹೇಳಿದ್ರೆ ಅಂಥವರ ಹತ್ರ ಬಿಡಬಾರದು. ಅವಳು ರಜಕ್ಕೆ ಬಂದಾಗ ಹೊಟ್ಟೆ ತುಂಬಾ ಬಡಿಸಿ.

ಪ್ರಶ್ನೆ: ನಂಗೆ 20 ವರ್ಷ, ಶಿವಮೊಗ್ಗ. ಇಲ್ಲಿಂದ ಸ್ಕೀ ಜಂಪಿಂಗ್ ಕಲಿಯೋಕೆ ದಾರಿ ಇದ್ಯಾ?

ಮೊದಲು ಸ್ಕೀ ಮೇಲೆ ನಿಲ್ಲೋದು ಕಲಿ ತಮ್ಮಾ. ಗುಲ್ಮರ್ಗ್‌ನಲ್ಲಿ ಸರ್ಕಾರದ ಸ್ಕೀಯಿಂಗ್ ಮತ್ತು ಪರ್ವತಾರೋಹಣ ಸಂಸ್ಥೆ ಇದೆ, ಮನಾಲಿಯ ಪರ್ವತಾರೋಹಣ ಸಂಸ್ಥೆಯಲ್ಲೂ ಚಳಿಗಾಲದಲ್ಲಿ ಕೋರ್ಸ್ ನಡೆಸ್ತಾರೆ, ಅಲ್ಲಿ ಕಲಿಸೋದು ಇಳಿಜಾರು ಸ್ಕೀಯಿಂಗ್, ನಿನಗೆ ಮೊದಲು ಬೇಕಾಗಿರೋದೂ ಅದೇ. ಒಂದೆರಡು ಸೀಸನ್ ಹಾಗೆ ಮಾಡಿ, ಓದೋಕೋ ಕೆಲಸಕ್ಕೋ ಚಳಿ ದೇಶಕ್ಕೆ ಹೋಗೋ ಅವಕಾಶ ಬಂದ್ರೆ ಅಲ್ಲಿ ಕ್ಲಬ್ ಹುಡುಕು, ದೊಡ್ಡೋರಿಗೂ ಕಲಿಸೋ ಕಡೆ ಸ್ಕೀ, ಬೂಟು, ಸೂಟು ಎಲ್ಲಾ ಬಾಡಿಗೆಗೋ ಸುಮ್ನೇನೋ ಕೊಡ್ತಾರೆ. ಅಲ್ಲಿ ತನಕ ರೋಲರ್ ಸ್ಕೇಟ್ ಮಾಡು, ಸ್ಕ್ವಾಟ್ ಮಾಡು. ಮನೆ ಹತ್ರದ ಗುಡ್ಡದಿಂದ ಏನಾದ್ರೂ ಕಟ್ಕೊಂಡು ಹಾರೋ ಪ್ರಯೋಗ ಮಾತ್ರ ಖಂಡಿತ ಬೇಡ.

ಪ್ರಶ್ನೆ: ಚಿಕಾಗೋ ಹತ್ರ ಇದೀವಿ. ಚಳಿಗಾಲ ಅಂತ ಹೆಸರಿಗೆ ಮಾತ್ರ, ಎರಡು ವಾರ ಸ್ನೋ ಎರಡು ವಾರ ಕೆಸರು. ಪ್ಲಾಸ್ಟಿಕ್ ಮ್ಯಾಟ್ ಮೇಲೆ ಪ್ರ್ಯಾಕ್ಟೀಸ್ ಮಾಡಿದ್ರೆ ಸಾಕಾ, ಸ್ನೋ ಬೇಕೇ ಬೇಕಾ?

ನಿಮ್ಮ ಕಷ್ಟ ನಮ್ಮದೂ. 2023-24ರ ಚಳಿಗಾಲ ಮಿನ್ನೆಸೋಟಾದಲ್ಲಿ ದಾಖಲೆಯ ಬೆಚ್ಚಗಿನ ಚಳಿಗಾಲ, ಆ ಫೆಬ್ರವರಿಯಲ್ಲಿ ಮಿನಿಯಾಪೊಲಿಸ್‌ನಲ್ಲಿ ಕ್ರಾಸ್-ಕಂಟ್ರಿ ಸ್ಕೀ ಓಟದ ವರ್ಲ್ಡ್ ಕಪ್ ಇತ್ತು, ಸ್ನೋ ಇಲ್ದೆ ನಡೆಯತ್ತೋ ಇಲ್ವೋ ಅಂತ ಊರೆಲ್ಲಾ ಆಕಾಶ ನೋಡ್ತಾ ಕೂತಿತ್ತು, ಮುಂಗಾರು ತಡ ಆದಾಗ ನಮ್ಮಪ್ಪ ಗದ್ದೆ ಅಂಚಲ್ಲಿ ನಿಂತು ನೋಡ್ತಿದ್ರಲ್ಲ ಹಾಗೆ.

ಪ್ಲಾಸ್ಟಿಕ್ ಮ್ಯಾಟ್ ಹೊಸದಲ್ಲ, ಪೂರ್ವ ಜರ್ಮನಿಯ ಹಾನ್ಸ್ ರೆನ್ನರ್ ಅನ್ನೋ ಕೋಚ್ 1954ರಲ್ಲೇ ಇದನ್ನ ತಂದಿದ್ದು. ಹುಲ್ಲಿನ ಥರ ಉದ್ದ ಎಳೆಗಳ ಮ್ಯಾಟು, ನೀರು ಚಿಮುಕಿಸಿ ಒದ್ದೆ ಮಾಡಿರ್ತಾರೆ. 2022ರ ನವೆಂಬರ್‌ನಲ್ಲಿ ಪೋಲೆಂಡಿನ ವಿಸ್ವಾದಲ್ಲಿ ವರ್ಲ್ಡ್ ಕಪ್ ಸೀಸನ್ನೇ ಮ್ಯಾಟ್ ಮೇಲೆ ಶುರು ಆಯ್ತು, ಇನ್‌ರನ್ ಐಸ್, ಇಳಿಯೋ ಜಾಗ ಪ್ಲಾಸ್ಟಿಕ್. ಹಾರೋದು, ಕೂರೋದು, ಟೇಬಲ್ ಟೈಮಿಂಗ್, ಇದೆಲ್ಲ ಕಲಿಯೋಕೆ ಮ್ಯಾಟೇ ವಾಸಿ ಅಂತ ನನ್ನ ಅಭಿಪ್ರಾಯ, ಯಾಕಂದ್ರೆ ಪ್ರತಿ ಸಲ ಒಂದೇ ಥರ ಇರತ್ತೆ, ತಪ್ಪು ನಿಮ್ಮದೋ ಸ್ನೋದ್ದೋ ಅಂತ ಅನುಮಾನ ಬರಲ್ಲ. ಆದ್ರೆ ಮ್ಯಾಟ್ ಮೇಲೆ ಬಿದ್ರೆ ಚರ್ಮ ಉಜ್ಜಿ ಸುಟ್ಟ ಗಾಯ ಥರ ಆಗತ್ತೆ, ಪೂರ್ತಿ ತೋಳು ಕಾಲು ಮುಚ್ಚಿರಲಿ. ಮತ್ತೆ ಮ್ಯಾಟಲ್ಲಿ ಕಲಿತವರು ಸ್ನೋಗೆ ಬಂದ ಮೊದಲನೇ ದಿನ ಒಂದು ಸೈಜ್ ಚಿಕ್ಕ ಹಿಲ್‌ನಲ್ಲಿ ಹಾರಬೇಕು, ಇಳಿದ್ಮೇಲೆ ನಿಲ್ಲೋದು ಪೂರ್ತಿ ಬೇರೆ.

ಕೆಸರು ಸ್ನೋ ಇರೋ ವಾರ ಹಿಲ್ ಉಳಿಸ್ಕೊಳ್ಳೋಕೆ ಉಪ್ಪು ಹಾಕ್ತಾರೆ, ಅದನ್ನ ನೋಡಿ ಗಾಬರಿ ಆಗ್ಬೇಡಿ. ಕುಲ್ಫಿಯವನು ಮಡಕೆ ಒಳಗೆ ಐಸ್‌ಗೆ ಉಪ್ಪು ಬೆರೆಸ್ತಾನಲ್ಲ ಅದೇ ಲೆಕ್ಕ, ಉಪ್ಪು ಸ್ವಲ್ಪ ಸ್ನೋನ ಕರಗಿಸತ್ತೆ, ಕರಗೋದು ಸುತ್ತಲಿನ ಬಿಸಿ ಎಳ್ಕೊಳತ್ತೆ, ಉಳಿದಿದ್ದು ಗಟ್ಟಿ ಆಗತ್ತೆ. ಒಣ ಸ್ನೋಗೆ ಹಾಕಿದ್ರೆ ಪ್ರಯೋಜನ ಇಲ್ಲ. ಮೋಡ ಕವಿದ ದಿನ ಬಿಳಿ ಮೇಲೆ ಬಿಳಿ, ನೆಲ ಎಲ್ಲಿದೆ ಅಂತಾನೇ ಕಾಣಲ್ಲ, ಆಗ ಇಳಿಯೋ ಜಾಗದಲ್ಲಿ ಸ್ಪ್ರೂಸ್ ಮರದ ಸಣ್ಣ ಕೊಂಬೆ ಚೆಲ್ತಾರೆ ಇಲ್ಲಾ ಬಣ್ಣದ ಗೆರೆ ಹಾಕ್ತಾರೆ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳಕ್ಕೆ ಅಡಿಕೆ ಸೋಗೆ ಹಾಸಿ ದಾರಿ ಮಾಡ್ತಿದ್ದ ಊರಿಂದ ಬಂದ ನಂಗೆ ಮೊದಲನೇ ಸಲ ಆ ಕೊಂಬೆ ಚೆಲ್ಲೋವಾಗ ಕೈಗೆ ಹೊಸದು ಅನ್ನಿಸ್ಲೇ ಇಲ್ಲ.

ಪ್ರಶ್ನೆ: ಆಂಟಿ, ನಂಗೆ 13 ವರ್ಷ, ವಿಸ್ಕಾನ್ಸಿನ್‌ನಲ್ಲಿ ಇದೀನಿ, ಅಪ್ಪನ ಹತ್ರ ಬರೆಸ್ತಿದೀನಿ. ಹೋದ ಶನಿವಾರ ಕೆ20ನಲ್ಲಿ ಬಾರ್ ಮೇಲೆ ಕೂತಿದ್ದೆ, ಗಾಳಿ ಜೋರಾಯ್ತು, ಕೋಚ್ ಇಳಿದು ಬಾ ಅಂದ್ರು. ಎಲ್ಲರೂ ನೋಡ್ತಿದ್ರು, ಮೆಟ್ಟಿಲು ಇಳಿಯೋವಾಗ ಅಳು ಬಂತು. ನಂಗೆ ಹೆದರಿಕೆ ಅಂತ ಅವ್ರು ಅಂದ್ಕೊಂಡಿರ್ತಾರಾ?

ಇಲ್ಲ ಪುಟ್ಟಾ. ಕೆಳಗೆ ನಿಂತಿದ್ದ ದೊಡ್ಡೋರಿಗೆಲ್ಲ ಅವತ್ತು ಉಸಿರು ಸರಾಗ ಆಗಿರತ್ತೆ ನೀನು ಇಳಿದು ಬಂದಿದ್ದು ನೋಡಿ. 2022ರ ಜನವರಿ 4ಕ್ಕೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಫೋರ್ ಹಿಲ್ಸ್ ಟೂರ್ನಮೆಂಟ್‌ನ ಮೂರನೇ ಸ್ಪರ್ಧೆ ಇತ್ತು, ಈ ಆಟದಲ್ಲಿ ಅದಕ್ಕಿಂತ ದೊಡ್ಡ ಹೆಸರು ಕಮ್ಮಿ, 1953ರಿಂದ ನಡೀತಿದೆ. ಅವತ್ತು ಆಲ್ಪ್ಸ್ ಕಡೆಯಿಂದ ಇಳಿಯೋ ಫ್ಯೋನ್ ಅನ್ನೋ ಬಿಸಿ ಗಾಳಿ ಎದ್ದು, ಕಾದು ಕಾದು ಕೊನೆಗೆ ರದ್ದೇ ಮಾಡಿದ್ರು, ಬಿಷೋಫ್ಸ್‌ಹೋಫೆನ್ ಅನ್ನೋ ಇನ್ನೊಂದು ಊರಿಗೆ ಹೋಗಿ ಮರುದಿನ ಹಾರಿದ್ರು. ಪ್ರಪಂಚದ ಅತ್ಯುತ್ತಮ ಆಟಗಾರರೆಲ್ಲ ಅವತ್ತು ಸ್ಕೀ ಹೆಗಲ ಮೇಲೆ ಹಾಕ್ಕೊಂಡು ವಾಪಸ್ ಹೋದೋರೇ.

ಅಳು ಬಂದಿದ್ದಕ್ಕೆ ಇನ್ನೊಂದು ಕಾರಣ ಹೇಳ್ಲಾ? ಬಾರ್ ಮೇಲೆ ಕೂತಾಗ ಮೈಯೆಲ್ಲಾ ಹಾರೋಕೆ ರೆಡಿ ಆಗಿರತ್ತೆ, ಹಾರ್ದೆ ಇದ್ರೆ ಆ ರೆಡಿ ಆಗಿದ್ದು ಎಲ್ಲೂ ಹೋಗೋಕೆ ಜಾಗ ಸಿಗಲ್ಲ, ಕೈಕಾಲು ನಡುಗತ್ತೆ, ಕಣ್ಣಲ್ಲಿ ನೀರು ಬರತ್ತೆ. ನಂಗೂ ಆಗತ್ತೆ, ಈಗ್ಲೂ.

ಮುಂದಿನ ಸಲ ಹೀಗೆ ಮಾಡು. ಕೋಚ್ ಬೇಡ ಅಂದ ತಕ್ಷಣ ಎರಡೂ ಕೈಯಲ್ಲಿ ಬಾರ್ ಗಟ್ಟಿಯಾಗಿ ಹಿಡಿ, ಕುಂಡೆ ಎತ್ತದೆ ಪಕ್ಕಕ್ಕೆ ಸರೀತಾ ಮೆಟ್ಟಿಲ ಕಡೆ ಹೋಗು, ಸ್ಕೀ ತುದಿ ಟ್ರ್ಯಾಕ್ ಕಡೆ ತಿರುಗದ ಹಾಗೆ ನೋಡ್ಕೋ. ಪೂರ್ತಿ ಮೆಟ್ಟಿಲ ಮೇಲೆ ಬಂದ್ಮೇಲೇ ಬೂಟನ್ನ ಸ್ಕೀಗೆ ಹಿಡಿಸೋ ಬೈಂಡಿಂಗ್ ಬಿಚ್ಚು, ಅದಕ್ಕೂ ಮುಂಚೆ ಬಿಚ್ಚಿ ಸ್ಕೀ ಕೈ ಜಾರಿದ್ರೆ ಕೆಳಗಿರೋರಿಗೆ ಅಪಾಯ. ಇಳಿಯೋವಾಗ ಒಂದು ಕೈ ಕಂಬಿ ಮೇಲಿರ್ಲಿ, ಅರ್ಧದಲ್ಲಿ ಟೇಬಲ್ ಪಕ್ಕ ನಿಂತು ಆ ರಿಬ್ಬನ್ ಯಾವ ಕಡೆ ಆಡ್ತಿದೆ ಅಂತ ಒಂದು ನಿಮಿಷ ನೋಡು, ಕೆಳಗೆ ಬಂದು ಕೋಚ್‌ಗೆ ನೀನು ಕಂಡಿದ್ದನ್ನ ಹೇಳು. ಆಮೇಲೆ ಸ್ಕೀ ತಳ ಬಟ್ಟೆಯಲ್ಲಿ ಒರೆಸಿಡು, ಬಿಸಿಯಾಗಿ ಏನಾದ್ರೂ ಕುಡಿ, ಗಾಳಿ ನಿಂತ್ರೆ ಸಾಲಲ್ಲಿ ಮೊದಲು ನಿಲ್ಲೋ ಹಕ್ಕು ನಿಂದೇ, ಕೇಳಿ ತಗೋ.